ನಾಡು ಒಂದಾಯಿತು, ಶಾಲೆ ಒಂದಾಯಿತೇ?

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಮ್ಮಂಥವರಿಗೆ ಭಾಷಣದ ಕರೆಗಳು ಬರುವದು ವಾಡಿಕೆ. ಬಂದಲ್ಲಿಗೆ ಹೋಗಿ ಪುಲಿಕೇಶಿಯ ಶೌರ್ಯವನ್ನು ವರ್ಣಿಸಿ, ವಿಜಯನಗರದ ವೈಭವವನ್ನು ನೆನೆದು, ಹಾರ ಹಾಕಿಸಿಕೊಂಡು ಮರಳುವದೂ ವಾಡಿಕೆಯೇ. ಇದನ್ನು ನಾವು ಅನೇಕ ವರುಷ ಮಾಡಿದ್ದೇವೆ. ಮಾಡಿದ್ದಕ್ಕೆ ನಾಚಿಕೆಯೇನೂ ಇಲ್ಲ. ಆದರೆ ಈಚೆಗೆ ನಡೆದ ಒಂದು ಚಿಕ್ಕ ಸಂಗತಿಯ ತರುವಾಯ ಅಂಥ ಭಾಷಣಕ್ಕೆ ನಮ್ಮ ನಾಲಿಗೆ ಏಳದಾಗಿದೆ. ಆ ಸಂಗತಿಯನ್ನೇ ಮೊದಲು ನಿಮ್ಮ ಮುಂದಿಡುತ್ತೇವೆ.

ಕಲಬುರ್ಗಿ ಜಿಲ್ಲೆಯ ಒಂದು ಹಳ್ಳಿ. ಊರಿನ ಹೆಸರು ಬೇಡ. ಶಾಲೆಯ ಅಂಗಳದಲ್ಲಿ ಸಭೆ ಕೂಡಿತ್ತು. ಮಕ್ಕಳನ್ನು ಕನ್ನಡ ಶಾಲೆ ಬಿಡಿಸಿ ಇಂಗ್ಲೀಷು ಶಾಲೆಗೆ ಕಳಿಸುವದು ತಾಯ ಮೊಲೆಯನ್ನು ಬಿಡಿಸಿ ದಾದಿಯ ಕೈಗೆ ಕೊಟ್ಟಂತೆ ಎಂದು ನಾವು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆವು. ಹಿಂದುಗಡೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಒಬ್ಬ ಕೂಲಿಯ ಹೆಣ್ಣುಮಗಳು, ಭಾಷಣ ಮುಗಿಯುವದರೊಳಗಾಗಿಯೇ, ತೀರ ಸಹಜವಾಗಿ ಕೇಳಿದಳು: "ಯಪ್ಪಾ, ನಿಮ್ಮ ಮಮ್ಮಕ್ಕಳು ಯಾವ ಸಾಲಿಗಿ ಹೋಗ್ತಾವರೀ?"

ಸುಳ್ಳು ಹೇಳುವಂತಿರಲಿಲ್ಲ. "ಇಂಗ್ಲೀಷು ಸಾಲಿಗವ್ವಾ" ಎಂದೆವು. ಆಕೆ ನಗಲಿಲ್ಲ, ಸಿಟ್ಟಾಗಲಿಲ್ಲ. "ಹಂಗಾದ್ರ ನಮಗ್ಯಾಕ ಹೇಳ್ತೀರಿ" ಎಂದು ಮಗುವನ್ನು ಸಾವರಿಸಿಕೊಂಡು ಹೊರಟುಹೋದಳು. ಆಮೇಲೆ ವಿಚಾರಿಸಲಾಗಿ ತಿಳಿದುಬಂದುದೇನೆಂದರೆ, ಆಕೆಯ ಹಿರಿಯ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಐದು ಇಯತ್ತೆಗಳಿಗೆ ಅಲ್ಲಿ ಇದ್ದವರು ಒಬ್ಬರೇ ಮಾಸ್ತರರು. ಅವರೂ ಆ ತಿಂಗಳಲ್ಲಿ ಅರ್ಧ ದಿನಗಳನ್ನು ಸರಕಾರದ ಬೇರೆ ಬೇರೆ ಗಣತಿ-ಯಾದಿಗಳ ಕೆಲಸದಲ್ಲಿ ಕಳೆದಿದ್ದರು. ಚಿಕ್ಕ ಮಗನನ್ನಾದರೂ ಟೆಂಪೋದಲ್ಲಿ ಕಳಿಸಿ ದೂರದ ಊರಿನ ಇಂಗ್ಲೀಷು ಶಾಲೆಗೆ ಹಾಕಬೇಕೆಂದು ಆಕೆ ಕೂಲಿಯ ಹಣದಲ್ಲಿ ಉಳಿಸುತ್ತಿದ್ದಳು. ಕನ್ನಡ ಬೇಡವಾಗಿ ಆಕೆ ಹೋಗುತ್ತಿರಲಿಲ್ಲ. ಮಾಸ್ತರರು ಬೇಕಾಗಿ ಹೋಗುತ್ತಿದ್ದಳು. ಈ ಎರಡು ಮಾತುಗಳ ಅಂತರವನ್ನು ನಾವು ಇಷ್ಟು ಕಾಲ ಕಾಣದೆ ಹೋದೆವಲ್ಲ, ಅದೇ ಇಂದಿನ ನಮ್ಮ ವಿಷಯ.

ಕನ್ನಡ ನಾಡು ಒಂದಾಗಬೇಕೆಂಬ ಬಯಕೆ ಹುಟ್ಟಿದ್ದು ಅರಮನೆಯಲ್ಲಲ್ಲ, ಕಚೇರಿಯಲ್ಲಲ್ಲ, ಶಾಲೆಯಲ್ಲಿ. ಮುಂಬಯಿ ಸರಕಾರದ ಕಾಲದಲ್ಲಿ ಧಾರವಾಡ ಸೀಮೆಯ ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಕುಳಿತು ಅಕ್ಷರ ತಿದ್ದಬೇಕಾಗಿದ್ದಾಗ, ಡೆಪ್ಯುಟಿ ಚನ್ನಬಸಪ್ಪನವರು ವಿದ್ಯಾಖಾತೆಯೊಳಗಿದ್ದುಕೊಂಡೇ ಕನ್ನಡ ಶಾಲೆಗಳನ್ನು ಎಬ್ಬಿಸಿದರು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕಟ್ಟಿದ ಸಂಘಕ್ಕೆ ಇಟ್ಟ ಹೆಸರೇ ವಿದ್ಯಾವರ್ಧಕ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಹೂಡಿದ ಏಳು ಜನರೂ ಶಿಕ್ಷಕರೇ. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ೧೯೧೭ರಲ್ಲಿ ಹೊರಬಂದಾಗ ಅದನ್ನು ಊರೂರಿಗೆ ಮುಟ್ಟಿಸಿದವರೂ ಬಹುಮಟ್ಟಿಗೆ ಶಾಲಾ ಮಾಸ್ತರರೇ ಇದ್ದಾರು. ಕನ್ನಡ ಮಗುವಿಗೆ ತನ್ನ ನುಡಿಯಲ್ಲಿ ವಿದ್ಯೆ ದೊರೆಯಬೇಕು, ಅದಕ್ಕಾಗಿ ನಾಡು ಒಂದಾಗಬೇಕು: ಇದು ಅವರ ತರ್ಕ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ನಾಡು ೧೯೫೬ರ ನವೆಂಬರ ೧ರಂದು ಒಂದಾಯಿತು. ೧೯೭೩ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ತರ್ಕದ ಎರಡನೆಯ ಅರ್ಧ ಕೈಗೂಡಿತು. ಮೊದಲನೆಯ ಅರ್ಧವೆಲ್ಲಿ?

೨೦೨೫ರ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೊದಲನೆಯ ಸುತ್ತಿನ ಫಲಿತಾಂಶವನ್ನು ನೋಡಿರಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ ೯೧.೧೨ ಮಕ್ಕಳು ತೇರ್ಗಡೆಯಾದರು. ಕಲಬುರ್ಗಿ ಜಿಲ್ಲೆಯಲ್ಲಿ ನೂರಕ್ಕೆ ೪೨.೪೩. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಹಿಂದಿನ ವರುಷ, ೨೦೨೪ರಲ್ಲಿ, ಎಲ್ಲಕ್ಕೂ ಮುಂದೆ ಉಡುಪಿ, ಎಲ್ಲಕ್ಕೂ ಹಿಂದೆ ಯಾದಗಿರಿ. ಹಳೆಯ ಮದರಾಸು ಸೀಮೆಯ ಕರಾವಳಿ ಒಂದು ತುದಿಗೆ, ಹಳೆಯ ನಿಜಾಮ ಸೀಮೆ ಇನ್ನೊಂದು ತುದಿಗೆ. ಎಪ್ಪತ್ತು ವರುಷಗಳ ಕೆಳಗೆ ನಕಾಶೆಯಿಂದ ಅಳಿಸಿಹಾಕಿದ ಗಡಿಗೆರೆಗಳು ಮಕ್ಕಳ ಅಂಕಪಟ್ಟಿಯಲ್ಲಿ ಇನ್ನೂ ಹಾಗೆಯೇ ಉಳಿದಿವೆ. ೧೯೪೮ರ ಸೆಪ್ಟೆಂಬರದಲ್ಲಿ ಹೈದರಾಬಾದು ಬಿಡುಗಡೆಯಾಯಿತು. ೨೦೧೩ರಿಂದ ಸಂವಿಧಾನದ ೩೭೧-ಜೆ ಕಲಮಿನ ಬಲ ಬಂದಿತು. ೨೦೧೯ರಲ್ಲಿ ಆ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟೆವು. ಹೆಸರು ಮಂಗಳಕರವಾದದ್ದೇ. ಆದರೆ ಕಲ್ಯಾಣವು ಹೆಸರಿನಿಂದ ಆಗತಕ್ಕದ್ದಲ್ಲ.

ಕಲಬುರ್ಗಿಯ ಮಕ್ಕಳು ದಡ್ಡರೆಂದು ಹೇಳುವ ಧೈರ್ಯ ಈ ಸಭೆಯಲ್ಲಿ ಯಾರಿಗೂ ಇರಲಾರದು. ಬಡತನದ ಮಾತು ನಿಜ, ಗುಳೆ ಹೋಗುವ ಕುಟುಂಬಗಳ ಮಾತು ನಿಜ. ಇವುಗಳ ಜತೆಗೆ ಇನ್ನೊಂದು ಕಾರಣವಿದೆ. ಅದು ನಮ್ಮ ಕೈಯೊಳಗಿನದು. ಕೇಂದ್ರ ಶಿಕ್ಷಣ ಖಾತೆಯವರು ೨೦೨೪-೨೫ಕ್ಕೆ ಕೊಟ್ಟ ಲೆಕ್ಕದಂತೆ ಕರ್ನಾಟಕದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ೭,೩೪೯. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಅರವತ್ತು ಮಕ್ಕಳ ವರೆಗಿನ ಚಿಕ್ಕ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕು. ಕಾಯಿದೆ ಮಾಡಿದವರೇ ಕಾಯಿದೆ ಮುರಿದರೆ ದಂಡ ವಿಧಿಸುವವರು ಯಾರು?

ಏಕೋಪಾಧ್ಯಾಯ ಶಾಲೆಯೆಂದರೆ ಏನೆಂಬುದು ಇಲ್ಲಿ ಕುಳಿತ ಹಲವರಿಗೆ ಗೊತ್ತಿದೆ. ಪಟ್ಟಣದ ಮಹನೀಯರಿಗಾಗಿ ಹೇಳುತ್ತೇವೆ. ಬೆಳಿಗ್ಗೆ ಬಾಗಿಲು ತೆರೆಯುವವರು ಮಾಸ್ತರರು. ಹಾಲಿನ ಪುಡಿಯ ಲೆಕ್ಕ, ಅಕ್ಕಿ ಬೇಳೆಯ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಅವರದು. ಮಕ್ಕಳ ಹಾಜರಿಯನ್ನು ಪುಸ್ತಕದಲ್ಲಿ ಬರೆದ ಮೇಲೆ ಮೊಬಾಯಿಲಿನಲ್ಲಿಯೂ ತುಂಬಬೇಕು. ತಾಲೂಕಿನ ಕಚೇರಿಯಿಂದ ಕೂಡಲೇ ಮಾಹಿತಿ ಕಳಿಸಿರೆಂದು ಅಪ್ಪಣೆ ಬಂದರೆ ಸಿಗ್ನಲು ಹುಡುಕಿಕೊಂಡು ಮಾಳಿಗೆ ಏರಬೇಕು. ನಡುನಡುವೆ ಒಂದನೆಯ ಇಯತ್ತೆಗೆ ಅಕ್ಷರ, ಎರಡನೆಯದಕ್ಕೆ ಮಗ್ಗಿ, ಐದನೆಯದಕ್ಕೆ ಭಿನ್ನರಾಶಿ. ಅವರಿಗೆ ಜ್ವರ ಬಂದರೆ ಶಾಲೆಗೇ ಜ್ವರ. ಚುನಾವಣೆ ಬಂದರೆ ಶಾಲೆಗೇ ಬೀಗ. ೨೦೨೫ರಲ್ಲಿ ನಡೆದ ಸಾಮಾಜಿಕ ಸಮೀಕ್ಷೆಗಾಗಿ ಶಿಕ್ಷಕರನ್ನು ಮನೆಮನೆಗೆ ಅಲೆಸಿ, ದಸರೆಯ ಸೂಟಿಯನ್ನು ಅಕ್ಟೋಬರ ೧೮ರ ವರೆಗೆ ಬೆಳೆಸಲಾಯಿತು. ಸಮೀಕ್ಷೆ ಬೇಡವೆಂದು ನಮ್ಮ ವಾದವಲ್ಲ. ನಾಡಿನ ಜನರ ಸ್ಥಿತಿಗತಿ ತಿಳಿಯಲೇಬೇಕು. ಆದರೆ ಪ್ರತಿ ಸಲವೂ ಆ ಖರ್ಚನ್ನು ಕನ್ನಡ ಶಾಲೆಯ ಮಗುವಿನ ಪಾಠದಿಂದಲೇ ತೆರುವದೇಕೆ? ಖಾಸಗಿ ಇಂಗ್ಲೀಷು ಶಾಲೆಯ ಮಾಸ್ತರರನ್ನು ಯಾವ ತಹಶೀಲದಾರರೂ ಹೀಗೆ ಕರೆದೊಯ್ಯುವದಿಲ್ಲ. ಕೂಲಿಯವಳಿಗೆ ಇದು ಕಾಣುತ್ತದೆ.

ಹಲವು ಇಯತ್ತೆಗಳನ್ನು ಒಟ್ಟಿಗೆ ಕೂಡಿಸಿ ಕಲಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿ ಇಲ್ಲವೆಂದಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ 'ನಲಿ-ಕಲಿ' ನಮ್ಮ ಮಾಸ್ತರರೇ ಬೆಳೆಸಿದ ಕ್ರಮ. ಪರನಾಡಿನವರೂ ಬಂದು ನೋಡಿಹೋದದ್ದು. ಮಕ್ಕಳು ಸುತ್ತಾಗಿ ಕುಳಿತು, ಚೀಟಿ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಲೇರುತ್ತಾರೆ. ಆದರೆ ಅದು ಬೋಧನೆಯ ಉಪಾಯವೇ ಹೊರತು ಶಿಕ್ಷಕರ ಕೊರತೆಯನ್ನು ಮುಚ್ಚುವ ಕಂಬಳಿಯಲ್ಲ. ಒಳ್ಳೆಯ ಉಪಾಯವನ್ನು ಕಂಬಳಿಯಂತೆ ಹೊದಿಸಿದ್ದರಿಂದ ಉಪಾಯಕ್ಕೇ ಕೆಟ್ಟ ಹೆಸರು ಬಂದಿತು.

ಇನ್ನು ಅತಿಥಿ ಶಿಕ್ಷಕರ ಮಾತು. ಖಾಲಿ ಜಾಗಗಳಿಗೆ ಕಾಯಂ ನೇಮಕ ಮಾಡದೆ, ಪ್ರತಿ ವರುಷ ಶಾಲೆ ಆರಂಭವಾದ ಮೇಲೆ ನಲವತ್ತು ಸಾವಿರಕ್ಕೂ ಮಿಕ್ಕಿ ಜನರನ್ನು ಅತಿಥಿಗಳೆಂದು ಕರೆಯುತ್ತಾರೆ. ವರುಷ ಮುಗಿಯುತ್ತಲೇ ಬಿಡುತ್ತಾರೆ. ನಮ್ಮ ಸಂಪ್ರದಾಯದಲ್ಲಿ ಅತಿಥಿಯೆಂದರೆ ದೇವರು. ಈ ದೇವರಿಗೆ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನ ನೈವೇದ್ಯ, ಅದೂ ಸಕಾಲಕ್ಕೆ ಮುಟ್ಟಿದರೆ ಪುಣ್ಯ. ಬೇಸಿಗೆಯ ಸೂಟಿಯಲ್ಲಿ ಉಪವಾಸ. ಪಟ್ಟಣದಲ್ಲಿ ಗಾರೆ ಕೆಲಸದವನು ಇದಕ್ಕಿಂತ ಹೆಚ್ಚು ಗಳಿಸುತ್ತಾನೆ. ಬಿ.ಎಡ್. ಮಾಡಿಕೊಂಡ ತರುಣನು ಮುಂದಿನ ಜೂನಿನಲ್ಲಿ ತಾನು ಈ ಶಾಲೆಯಲ್ಲಿರುವೆನೋ ಇಲ್ಲವೋ ಎಂಬುದನ್ನು ಅರಿಯದೆ ಮಕ್ಕಳ ಹೆಸರು ಕಲಿಯುತ್ತಾನೆ. ಮಕ್ಕಳೂ ಅಷ್ಟೇ, ಮಾಸ್ತರರ ಹೆಸರು ಕಲಿತು ಮರೆಯುತ್ತಾರೆ. ಸರಕಾರಿ ಪದವಿ ಕಾಲೇಜುಗಳಲ್ಲಿಯೂ ಇದೇ ಕಥೆ. ನಾಲ್ಕು ನೂರಕ್ಕೂ ಹೆಚ್ಚಿನ ಆ ಕಾಲೇಜುಗಳ ಪಾಠದ ಭಾರವನ್ನು ಹೆಚ್ಚಾಗಿ ಹೊತ್ತವರು ಅತಿಥಿ ಉಪನ್ಯಾಸಕರು. ೨೦೨೩ರ ಕೊನೆಗೆ ಅವರು ತರಗತಿ ಬಿಟ್ಟು ಧರಣಿ ಕುಳಿತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಮನೆಯನ್ನು ಅತಿಥಿಗಳೇ ನಡೆಯಿಸುತ್ತಿದ್ದಾರೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಇಷ್ಟಾದ ಮೇಲೆ ಮಾಧ್ಯಮದ ವಾದಕ್ಕೆ ಬರೋಣ. ಇದರಲ್ಲಿ ನಮ್ಮ ಪಕ್ಷದವರಿಂದಲೇ ಗೊಂದಲವಾಗಿದೆ. ೧೯೮೧ರ ಗೋಕಾಕ ವರದಿ ಮತ್ತು ಅದರ ಬೆನ್ನಿಗೆ ೧೯೮೨ರಲ್ಲಿ ವರನಟ ರಾಜಕುಮಾರರ ಮುಂದಾಳುತನದಲ್ಲಿ ಎದ್ದ ಚಳವಳಿಯು ಮುಖ್ಯವಾಗಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಬೇಕೆಂಬುದಕ್ಕಾಗಿ. ಶಿಕ್ಷಣ ಮಾಧ್ಯಮದ ಪ್ರಶ್ನೆ ಬೇರೆ. ೧೯೯೪ರ ಸರಕಾರಿ ಆಜ್ಞೆಯು ಒಂದರಿಂದ ನಾಲ್ಕನೆಯ ಇಯತ್ತೆಯ ವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದಿತು. ೨೦೦೮ರಲ್ಲಿ ಉಚ್ಚ ನ್ಯಾಯಾಲಯವು ಖಾಸಗಿ ಶಾಲೆಗಳ ಮಟ್ಟಿಗೆ ಅದನ್ನು ತಳ್ಳಿಹಾಕಿತು. ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು, ಮಾತೃಭಾಷೆಯನ್ನು ಮಾಧ್ಯಮವಾಗಿ ಹೇರುವ ಅಧಿಕಾರ ಸರಕಾರಕ್ಕಿಲ್ಲವೆಂದು ತೀರ್ಪಿತ್ತಿತು. ತೀರ್ಪು ನಮಗೆ ರುಚಿಸಲಿಲ್ಲ. ಮಗು ತನ್ನ ನುಡಿಯಲ್ಲಿ ಬೇಗ ಕಲಿಯುವದೆಂಬುದು ಲೋಕದ ಶಿಕ್ಷಣಜ್ಞರು ಒಪ್ಪಿದ ಮಾತು. ಆದರೂ ತೀರ್ಪು ನಮಗೊಂದು ಉಪಕಾರ ಮಾಡಿದೆ: ಕಾಯಿದೆಯ ಊರುಗೋಲನ್ನು ಕಸಿದುಕೊಂಡು, ನಿಮ್ಮ ಶಾಲೆ ತನ್ನ ಕಾಲ ಮೇಲೆ ನಿಲ್ಲಬಲ್ಲದೇ ಎಂದು ಕೇಳಿದೆ.

ಸರಕಾರದವರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳು ವಿಚಿತ್ರವಾದವು. ಬಡವರ ಮಕ್ಕಳಿಗೆಂದು ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಜಾಗಗಳನ್ನು ಕೊಡಿಸಿ, ೨೦೧೨ರಿಂದ ಅದರ ಫೀಯನ್ನು ತಾವೇ ತುಂಬಿದರು. ತಮ್ಮ ಶಾಲೆಯನ್ನು ತಾವೇ ಹಣ ಕೊಟ್ಟು ಬರಿದು ಮಾಡಿಸಿದ ಹಾಗಾಯಿತೆಂದು ೨೦೧೯ರ ಹೊತ್ತಿಗೆ ಎಚ್ಚರವಾಗಿ, ಹತ್ತಿರ ಸರಕಾರಿ ಶಾಲೆ ಇದ್ದಲ್ಲಿ ಆ ಸೌಕರ್ಯವಿಲ್ಲವೆಂದು ನಿಯಮ ತಿದ್ದಿದರು. ಅದೇ ೨೦೧೯ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲೀಷು ಮಾಧ್ಯಮದ ವಿಭಾಗ ತೆರೆದರು. ಇತ್ತ ೧೯೯೫ರ ತರುವಾಯ ಹುಟ್ಟಿದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ಸರಕಾರದ ಬಾಗಿಲಲ್ಲಿ ಕಾಯುತ್ತಲೇ ಇವೆ. ಕನ್ನಡದಲ್ಲಿ ಕಲಿಸುವೆವೆಂದು ಹಟ ಹಿಡಿದವರಿಗೆ ಅದೇ ದಂಡ.

ಇಂಗ್ಲೀಷಿನ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡಲಾರೆವು. ಕೆಲವು ಮಿತ್ರರಿಗೆ ಅದು ಸೇರಲಿಕ್ಕಿಲ್ಲ. ಕೂಲಿಯವನ ಮಗನಿಗೆ ಇಂಗ್ಲೀಷು ಬೇಕು. ಇಂಗ್ಲೀಷು ಕಲಿತು ದೊಡ್ಡವರಾದ ನಾವು ಅವನಿಗೆ ಬೇಡವೆಂದು ಹೇಳುವದು ಉಂಡವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಅದನ್ನು ಭಾಷೆಯಾಗಿ, ಬಲ್ಲ ಶಿಕ್ಷಕರಿಂದ, ಚೆನ್ನಾಗಿ ಕಲಿಸಬೇಕು. ಗಣಿತ-ವಿಜ್ಞಾನ-ಚರಿತ್ರೆಗಳನ್ನು ಕನ್ನಡದಲ್ಲಿ ಕಲಿಸಬೇಕು. ಈಗ ಅನೇಕ ಕಡೆ ನಡೆದಿರುವದು ಇದಕ್ಕೆ ತಿರುಗುಮುರುಗು. ಇಂಗ್ಲೀಷು ಬಾರದ ಶಿಕ್ಷಕರು ಇಂಗ್ಲೀಷಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಮಗುವಿಗೆ ಇಂಗ್ಲೀಷೂ ಬರುವದಿಲ್ಲ, ವಿಜ್ಞಾನವೂ ಬರುವದಿಲ್ಲ, ಕನ್ನಡವಂತೂ ಮೊದಲೇ ಬಿಟ್ಟಿತು. ೨೦೧೮ರಿಂದ ತೆರೆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ, ಒಂದೇ ಆವರಣದಲ್ಲಿ ಶಿಶುವರ್ಗದಿಂದ ಪಿ.ಯು. ವರೆಗೆ ಸೌಕರ್ಯ ಒದಗಿಸಿದಲ್ಲಿ, ತಾಯಿತಂದೆಗಳು ಸರತಿಯಲ್ಲಿ ನಿಂತಿದ್ದಾರೆ. ಶಾಲೆ ಶಾಲೆಯಂತಿದ್ದರೆ ಸರಕಾರದ ಹಲಗೆಯನ್ನು ನೋಡಿ ಯಾರೂ ಓಡಿಹೋಗುವದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಇಂಥ ಒಂದು ಶಾಲೆಯ ನೆಪದಿಂದ ಸುತ್ತಲಿನ ಹಳ್ಳಿಗಳ ಚಿಕ್ಕ ಶಾಲೆಗಳನ್ನು ಮುಚ್ಚಿದರೆ ಮಾತ್ರ ಅದು ಒಂದು ಕಣ್ಣು ಕೊಟ್ಟು ಹತ್ತು ಕಣ್ಣು ಕಿತ್ತಂತೆ.

ಈಗ ಎತ್ತರದ ಶಿಕ್ಷಣಕ್ಕೆ ಏರೋಣ. ತಾಯಿತಂದೆಗಳು ಕನ್ನಡ ಶಾಲೆಯನ್ನು ಬಿಡುವ ಎರಡನೆಯ ಕಾರಣ ಅಲ್ಲಿದೆ. ಹತ್ತನೆಯ ಇಯತ್ತೆಯ ವರೆಗೆ ಕನ್ನಡದಲ್ಲಿ ಓದಿ ಜಾಣನೆನಿಸಿಕೊಂಡ ಹುಡುಗನು ಪಿ.ಯು. ವಿಜ್ಞಾನದ ತರಗತಿಗೆ ಕಾಲಿಟ್ಟ ದಿನ ಮೂಕನಾಗುತ್ತಾನೆ. ದ್ಯುತಿಸಂಶ್ಲೇಷಣೆಯನ್ನು ಬಲ್ಲವನಿಗೆ ಫೋಟೋಸಿಂಥೆಸಿಸ್ ಎಂದರೇನೆಂದು ಯಾರೂ ಹೇಳಿಕೊಟ್ಟಿರುವದಿಲ್ಲ. ಎರಡೂ ಒಂದೇ ಎಂದು ಅವನಿಗೆ ತಿಳಿಯುವದರೊಳಗೆ ಅರ್ಧ ವರುಷ ಕಳೆದಿರುತ್ತದೆ, ಧೈರ್ಯ ಪೂರ್ತಿ ಕಳೆದಿರುತ್ತದೆ. ನಾವು ಕಟ್ಟಿದ ಏಣಿಗೆ ಹತ್ತು ಮೆಟ್ಟಲು, ಹನ್ನೊಂದನೆಯದು ಇಲ್ಲ. ಮೆಟ್ಟಲಿಲ್ಲದ ಏಣಿಯನ್ನು ಮಗುವಿಗೆ ತೋರಿಸಲು ಯಾವ ತಾಯಿಯೂ ಒಪ್ಪಳು. ಪಠ್ಯಪುಸ್ತಕದಲ್ಲಿ ಎಂಟನೆಯ ಇಯತ್ತೆಯಿಂದಲೇ ಎರಡೂ ಪರಿಭಾಷೆಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸುವದು, ಪಿ.ಯು. ಆರಂಭದಲ್ಲಿ ಕನ್ನಡದ ಮಕ್ಕಳಿಗೆ ಮೂರು ತಿಂಗಳು ಬೇರೆ ಪಾಠ ಇಡುವದು, ಕೋಟಿಗಟ್ಟಲೆ ಹಣ ಬೇಡುವ ಕೆಲಸಗಳಲ್ಲ.

ಕನ್ನಡದಲ್ಲಿ ಉನ್ನತ ವಿದ್ಯೆಯನ್ನು ಹೇಳುವದು ಸಾಧ್ಯವಿಲ್ಲವೆಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದು ೧೯೧೮ರಲ್ಲಿ. ಎರಡು ವರುಷ ನಡೆದು ನಿಂತಿತು. ನಿಂತದ್ದು ಭಾಷೆಯ ದೋಷದಿಂದಲ್ಲ. ಕುವೆಂಪು ಅವರು ೧೯೫೬ರಿಂದ ೧೯೬೦ರ ವರೆಗೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ ಕಾಲೇಜಿನಲ್ಲಿ ಕನ್ನಡ ಮಾಧ್ಯಮಕ್ಕೆ ಬಾಗಿಲು ತೆರೆಯಲು ದುಡಿದರು, ಶಾಸ್ತ್ರಗ್ರಂಥಗಳನ್ನು ಬರೆಯಿಸಿದರು. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಿದವರು ಕನ್ನಡಕ್ಕೆ ಶಾಸ್ತ್ರ ಒಗ್ಗದೆಂದು ಹೇಳಲಾರರು.

ಇನ್ನೊಂದು ದೃಷ್ಟಾಂತವನ್ನು ನಮ್ಮ ಎದುರುಪಕ್ಷದಿಂದಲೇ ತರುತ್ತೇವೆ. ೧೯೧೮ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಪಾಠ ಹೇಳಿತು. ವೈದ್ಯಶಾಸ್ತ್ರವನ್ನು ಕೂಡ ಉರ್ದುವಿನಲ್ಲಿ ಕಲಿಸಿತು. ಕಲಬುರ್ಗಿ, ರಾಯಚೂರು, ಬೀದರಗಳ ಕನ್ನಡ ಮಕ್ಕಳಿಗೆ ಅದರಿಂದ ಅನ್ಯಾಯವಾಯಿತೆಂಬುದು ನಿಜ. ಉರ್ದು ಅವರ ಮನೆಮಾತಾಗಿರಲಿಲ್ಲ. ಆದರೆ ಅದನ್ನು ಕಟ್ಟಿದವರ ಕ್ರಮವನ್ನು ಗಮನಿಸಿರಿ. ಅವರು ಮೊದಲು ತರಗತಿ ತೆರೆಯಲಿಲ್ಲ. ಮೊದಲು ಭಾಷಾಂತರದ ಕಾರ್ಯಾಲಯ ತೆರೆದು, ವಿದ್ವಾಂಸರಿಗೆ ಸಂಬಳ ಕೊಟ್ಟು, ಪರಿಭಾಷೆಯನ್ನು ಕೂಡಿಸಿ, ಪುಸ್ತಕಗಳನ್ನು ಸಿದ್ಧಪಡಿಸಿಕೊಂಡರು. ನಾವು ಮಾಡಿದ್ದೇನು? ೨೦೨೧ರಲ್ಲಿ ದೇಶೀಯ ಭಾಷೆಗಳಲ್ಲಿ ಇಂಜಿನಿಯರಿಂಗು ಕಲಿಸಲು ಅನುಮತಿ ಬಂದಾಗ ಕನ್ನಡದಲ್ಲಿಯೂ ಜಾಗಗಳನ್ನು ಘೋಷಿಸಿದೆವು. ಹುಡುಗರು ಬರಲಿಲ್ಲ. ಬರುವದಾದರೂ ಹೇಗೆ? ಪುಸ್ತಕವೆಲ್ಲಿ, ಕಲಿಸುವವರೆಲ್ಲಿ, ಕಲಿತವರಿಗೆ ಕೆಲಸ ಕೊಡುವವರೆಲ್ಲಿ? ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ೨೦೧೭ರಿಂದ ಕನ್ನಡದಲ್ಲಿಯೂ ಬರೆಯಬಹುದು. ತಮಿಳು, ಬಂಗಾಲಿ, ಗುಜರಾತಿಗಳಲ್ಲಿ ಬರೆದವರಿಗೆ ಹೋಲಿಸಿದರೆ ಕನ್ನಡದಲ್ಲಿ ಬರೆದವರು ತೀರ ಕಡಿಮೆ. ಬಿ.ಎ. ತರಗತಿಗಳಲ್ಲಿ ಸಾವಿರಾರು ಮಕ್ಕಳು ಕನ್ನಡದಲ್ಲಿಯೇ ಉತ್ತರ ಬರೆಯುತ್ತಾರೆ. ಅವರ ಕೈಯಲ್ಲಿರುವದು ಬಹುಮಟ್ಟಿಗೆ ಅಂಗಡಿಯ ಗೈಡು. ಅರ್ಥಶಾಸ್ತ್ರವನ್ನು ಗೈಡಿನಿಂದ ಕಲಿತವನನ್ನು ನೋಡಿ ಕನ್ನಡದಲ್ಲಿ ಅರ್ಥಶಾಸ್ತ್ರವಿಲ್ಲವೆನ್ನುವದು ನ್ಯಾಯವಲ್ಲ.

ಗ್ರಂಥಗಳಿಗೆ ಹಣವಿಲ್ಲವೆನ್ನುವವರು ವಿಶ್ವವಿದ್ಯಾಲಯಗಳನ್ನು ಮಾತ್ರ ಧಾರಾಳವಾಗಿ ಹಡೆದರು. ಧಾರವಾಡಕ್ಕೊಂದು ವಿಶ್ವವಿದ್ಯಾಲಯ ಬೇಕೆಂದು ಹಿರಿಯರು ಎಷ್ಟು ಅಲೆದರು! ೧೯೪೯ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರುಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ಒಂದು ಪೀಳಿಗೆಯ ದುಡಿಮೆಯ ಫಲ. ೨೦೨೨ರಲ್ಲಿ ಒಂದೇ ಉಸಿರಿನಲ್ಲಿ ಬೀದರ, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರಗಳಿಗೆ ಏಳು ವಿಶ್ವವಿದ್ಯಾಲಯಗಳು ಸಾರಲ್ಪಟ್ಟವು. ಕಟ್ಟಡವಿಲ್ಲ, ನೆಲವಿಲ್ಲ, ಪ್ರಾಧ್ಯಾಪಕರಿಲ್ಲ. ಕುಲಪತಿಗಳು ಮಾತ್ರ ಬಂದರು. ೨೦೨೫ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹೊಸದಾಗಿ ಹುಟ್ಟಿದವುಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವನ್ನು ಹೊರಗೆಡಹಿತು. ಕೊಪ್ಪಳದ ಹೆಣ್ಣುಮಗಳಿಗೆ ಮನೆಯ ಹತ್ತಿರ ಎಂ.ಎ. ದೊರೆಯಬೇಕೆಂಬ ಆಸೆ ತಪ್ಪಲ್ಲ. ಕಟ್ಟುವಾಗ ವಿವೇಕವಿಲ್ಲದೆ ಕಟ್ಟಿ, ಕೆಡಹುವಾಗ ಕರುಣೆಯಿಲ್ಲದೆ ಕೆಡಹುವದು ತಪ್ಪು. ಕನ್ನಡಕ್ಕೆಂದೇ ೧೯೯೧ರಲ್ಲಿ ಹಂಪೆಯಲ್ಲಿ ಹುಟ್ಟಿದ ವಿಶ್ವವಿದ್ಯಾಲಯವು ದೀಪದ ಬಿಲ್ಲು ತುಂಬಲು ಪರದಾಡಿದ ಸುದ್ದಿಯನ್ನೂ ನಾವು ಪತ್ರಿಕೆಗಳಲ್ಲಿ ಓದಿದೆವು.

ನೀತಿಯ ಚಂಚಲತೆಯನ್ನು ಚುಟುಕಾಗಿ ಹೇಳಿ ಬಿಡುತ್ತೇವೆ. ಕೇಂದ್ರದ ೨೦೨೦ರ ಶಿಕ್ಷಣ ನೀತಿಯನ್ನು ೨೦೨೧ರಲ್ಲಿ ದೇಶಕ್ಕೆಲ್ಲ ಮೊದಲಿಗರಾಗಿ ಕಾಲೇಜುಗಳಲ್ಲಿ ತಂದೆವು; ಪದವಿ ನಾಲ್ಕು ವರುಷದ್ದಾಯಿತು. ೨೦೨೪ರಲ್ಲಿ ಮತ್ತೆ ಮೂರು ವರುಷಕ್ಕೆ ಇಳಿಸಿದೆವು. ೨೦೨೩ರಲ್ಲಿ ನೇಮಕವಾದ ಸುಖದೇವ ಥೋರಟ್ ಅವರ ಆಯೋಗವು ೨೦೨೫ರ ಆಗಸ್ಟಿನಲ್ಲಿ ವರದಿ ಒಪ್ಪಿಸಿ, ಐದನೆಯ ಇಯತ್ತೆಯ ವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ಎರಡು ಭಾಷೆಗಳ ಕ್ರಮವನ್ನೂ ಶಿಫಾರಸು ಮಾಡಿದೆ. ಇವುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಪಕ್ಷದ ಜಗಳಕ್ಕೆ ನಾವು ಇಳಿಯುವದಿಲ್ಲ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಮೂರು ಬೇರೆ ಬೇರೆ ಪದ್ಧತಿಗಳಲ್ಲಿ ಪದವಿ ಓದಿದ್ದಾರೆ ಎಂಬುದಷ್ಟೇ ನಮ್ಮ ದೂರು. ಪರೀಕ್ಷೆಯ ಕಥೆಯೂ ಹೀಗೆಯೇ. ೨೦೨೪ರಲ್ಲಿ ಕ್ಯಾಮರಾ ಇಟ್ಟು ನಕಲು ತಡೆದರು. ಫಲಿತಾಂಶ ಕುಸಿಯುತ್ತಲೇ ಕೃಪಾಂಕಗಳನ್ನು ಏರಿಸಿ ೭೩.೪೦ಕ್ಕೆ ಎತ್ತಿ ನಿಲ್ಲಿಸಿದರು. ೨೦೨೫ರ ಅಕ್ಟೋಬರದಲ್ಲಿ ತೇರ್ಗಡೆಯ ಅಂಕವನ್ನು ೩೫ರಿಂದ ೩೩ಕ್ಕೆ ಇಳಿಸುವೆವೆಂದು ಸಾರಿದರು. ಜ್ವರ ಇಳಿಯದಿದ್ದರೆ ಥರ್ಮಾಮೀಟರಿನ ಗೆರೆಯನ್ನು ತಿದ್ದುವ ವೈದ್ಯರನ್ನು ನಾವು ಕಂಡಿರಲಿಲ್ಲ.

ಗಡಿಯ ಆಚೆಗೂ ನಮ್ಮವರಿದ್ದಾರೆ. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು; ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲಿಯೇ ಉಳಿಯಿತು. ಅಲ್ಲಿಯ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಮಕ್ಕಳೂ ತಾಯಿತಂದೆಗಳೂ ಬೀದಿಗಿಳಿದು ಪ್ರತಿಭಟಿಸಿದ್ದಾರೆ. ತಮ್ಮ ಭಾಷೆಯ ಮಾಸ್ತರರು ಬೇಕೆಂದು ಕಾಸರಗೋಡಿನ ಮಗು ಹೋರಾಡುತ್ತದೆ. ಅದರ ಪರವಾಗಿ ನಾವು ಇಲ್ಲಿ ಠರಾವು ಪಾಸು ಮಾಡುತ್ತೇವೆ. ಒಳ್ಳೆಯದು, ಮಾಡಲೇಬೇಕು. ಆದರೆ ಯಾದಗಿರಿಯ ಮಗುವಿಗೆ ಯಾವ ಭಾಷೆಯ ಮಾಸ್ತರರೂ ಇಲ್ಲದಿದ್ದಾಗ ಠರಾವು ಯಾರ ವಿರುದ್ಧ?

ನಮ್ಮ ಮೊಮ್ಮಗನನ್ನು ಈ ವರುಷ ಕನ್ನಡ ಶಾಲೆಗೆ ಸೇರಿಸಿದೆವೆಂದು ಹೇಳಿ ನಿಮ್ಮ ಚಪ್ಪಾಳೆ ಪಡೆಯಬಹುದಾಗಿತ್ತು. ಸೇರಿಸಿಲ್ಲ. ಮಾತು ಎತ್ತಿದೆವು, ಮಗ-ಸೊಸೆ ನಮ್ಮ ಬೀದಿಯ ಸರಕಾರಿ ಶಾಲೆಯನ್ನು ನೋಡಿಬಂದರು. ಗಣಿತಕ್ಕೆ ಶಿಕ್ಷಕರಿಲ್ಲ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿಲ್ಲ ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹೆಡ್‌ಮಾಸ್ತರರ ಹತ್ತಿರ ಹೋಗಿ ವಿಚಾರಿಸಿದೆವು. ಎಪ್ಪತ್ತು ವರುಷ ಆ ಬೀದಿಯಲ್ಲಿ ಇದ್ದು ಆ ಶಾಲೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ನೀರಿನ ಕೊಳವೆ ಈಗ ಬಂದಿದೆ. ಬೀದಿಯವರೇ ಕೂಡಿ ಹಾಕಿಸಿದೆವು. ಗಣಿತದ ಮಾಸ್ತರರನ್ನು ಬೀದಿಯವರು ಹಾಕಿಸಲಾರರು. ಅದಕ್ಕೆ ಸರಕಾರವನ್ನು ಹಿಡಿಯಬೇಕು. ಹಿಡಿಯಲು ಲೆಕ್ಕ ಬೇಕು.

ಆದುದರಿಂದ ಈ ಸಭೆಯ ಮುಂದೆ ನಮ್ಮದೊಂದು ಚಿಕ್ಕ ಬೇಡಿಕೆಯಿದೆ. ೨೦೦೧ರಿಂದ ಪ್ರತಿ ಸರಕಾರಿ ಶಾಲೆಗೂ ತಾಯಿತಂದೆಗಳ ಶಾಲಾಭಿವೃದ್ಧಿ ಸಮಿತಿಯಿದೆ. ಅನೇಕ ಕಡೆ ಅದು ಸಹಿ ಮಾಡಲಿಕ್ಕೆ ಮಾತ್ರ ಕೂಡುತ್ತದೆ. ಅದರ ಮೂಲಕ ಈ ತಾಲೂಕಿನ ಒಂದೊಂದು ಶಾಲೆಗೂ ಮಂಜೂರಾದ ಶಿಕ್ಷಕರೆಷ್ಟು, ಇದ್ದವರೆಷ್ಟು, ಕಳೆದ ವರುಷ ಅವರು ಶಾಲೆಯ ಹೊರಗಿನ ಕೆಲಸದಲ್ಲಿ ಕಳೆದ ದಿನಗಳೆಷ್ಟು, ಈ ಮೂರು ಅಂಕಿಗಳನ್ನು ಕೂಡಿಸಿ ಕೊಡಿರಿ. ಶಿಕ್ಷಕ ಬಂಧುಗಳು ಹೆಸರು ಹಾಕಬೇಕಾಗಿಲ್ಲ. ಮೇಲಧಿಕಾರಿಗಳ ಅಂಜಿಕೆ ನಮಗೂ ಗೊತ್ತು. ಅಂಕಿಗಳನ್ನು ವಾರವಾರವೂ ಪತ್ರಿಕೆಯಲ್ಲಿ ಅಚ್ಚು ಹಾಕಿಸುವದು ನಮ್ಮ ಹೊಣೆ. ಮುಂದಿನ ರಾಜ್ಯೋತ್ಸವದ ವೇದಿಕೆಗೆ ಯಾವ ಮಂತ್ರಿಗಳೋ ಶಾಸಕರೋ ಬರುವರಲ್ಲ, ಹಾರದ ಜತೆಗೆ ಆ ಯಾದಿಯನ್ನೂ ಅವರ ಕೈಗೆ ಕೊಡೋಣ, ಸಭೆಯಲ್ಲಿಯೇ ಓದಿಸೋಣ.

ಮೊದಲನೆಯ ಕಾಗದವನ್ನು ನಾವೇ ತುಂಬಿ ತಂದಿದ್ದೇವೆ. ಅದು ಆ ಕೂಲಿಯ ಹೆಣ್ಣುಮಗಳ ಊರಿನ ಶಾಲೆಯದು: ಮಂಜೂರಾದವರು ಮೂವರು, ಇದ್ದವರು ಒಬ್ಬರು. ಮೂರನೆಯ ಅಂಕಣವನ್ನು ಅಲ್ಲಿಯ ಮಾಸ್ತರರು ತಾವೇ ಲೆಕ್ಕ ಹಾಕಿ ಬರೆದುಕೊಟ್ಟಿದ್ದಾರೆ, ನಲವತ್ತೊಂದು ದಿನ. ಉಳಿದ ಖಾಲಿ ಕಾಗದಗಳನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದೆ. ಹೋಗುವಾಗ ನಿಮ್ಮ ನಿಮ್ಮ ಊರಿನ ಹೆಸರು ಹೇಳಿ ಒಂದೊಂದನ್ನು ತೆಗೆದುಕೊಂಡು ಹೋಗಿರಿ.